ಕುಡುಕ ಅಪ್ಪ, ಹೊಡೆತದ ಮನೆ: ರಂಗಕ್ಕೆ ತರುವಾಗ ಏಟು, ಪ್ಯಾಕೆಟ್ಟು, ಸದ್ದು, ಕೊನೆಯ ದೃಶ್ಯ

ಸೈಡ್‌ವಿಂಗ್

ಹೊಸ ನಾಟಕದ ಸ್ಕ್ರಿಪ್ಟ್, ಒಂದೂಕಾಲು ಗಂಟೆ. 2005ರ ಸಣ್ಣ ಊರು. ಟೈಲರ್ ಅಂಗಡಿ ಇಟ್ಟಿರುವ ಅಪ್ಪ, ಬ್ಲೌಸ್ ಹೊಲಿಯುವ ಅಮ್ಮ, ಪಿಯುಸಿ ಓದುವ ಮಗಳು, ಒಂಬತ್ತು ವರ್ಷದ ಮಗ, ಅಜ್ಜಿ. ರಂಗದ ಮೇಲೆಯೇ ಮೂರು ಸಲ ಹೊಡೆತವಿದೆ: ಕೆನ್ನೆಗೆ ಏಟು, ಜಡೆ ಹಿಡಿದು ಎಳೆಯುವುದು, ಕೊನೆಗೆ ಬೆಲ್ಟ್. ಒಂದು ಕಡೆ ಊಟದ ತಟ್ಟೆ ಎಸೆಯುತ್ತಾನೆ. ಕಾನೂನಿದೆ ಎಂದು ಮಗಳು ಅಮ್ಮನಿಗೆ ಹೇಳುತ್ತಾಳೆ. ಕೊನೆಯ ದೃಶ್ಯದಲ್ಲಿ ಅಪ್ಪ ಮಗನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಕುಡಿತ ಬಿಡುತ್ತಾನೆ.

ಎರಡು ಪ್ರದರ್ಶನ ಪ್ರೇಕ್ಷಕರು ಎದುರಿಗೆ ಮಾತ್ರ ಕೂರುವ ಪ್ರೊಸೀನಿಯಂ ರಂಗದಲ್ಲಿ, ಒಂದು ಮೂರು ಕಡೆ ಪ್ರೇಕ್ಷಕರು ಕೂರುವ ರಂಗದಲ್ಲಿ, ಉಳಿದವು ಶಾಲೆ ಮೈದಾನಗಳಲ್ಲಿ. ತಂಡದಲ್ಲಿ ಎಲ್ಲರೂ ಹವ್ಯಾಸಿಗಳು. ಏಟಿನ ತಾಲೀಮು ಹೇಗೆ? ಕುಡಿದವನ ಅಭಿನಯ ನಗೆಪಾಟಲಾಗದಂತೆ ಹೇಗೆ? ಪ್ರಾಪರ್ಟಿ (ರಂಗದ ಸಾಮಾನು), ಬೆಳಕು, ಕಾನೂನಿನ ವಿವರ ತಪ್ಪಿದ್ದರೆ ಅದನ್ನೂ ಹೇಳಿ.

ತಾಲೀಮು ಮನೆ

ಏಟು ತಿನ್ನುವವರೇ ಏಟಿನ ಯಜಮಾನರು. ಇದೊಂದು ಗಟ್ಟಿಯಾದರೆ ಉಳಿದದ್ದು ಸುಲಭ. ಹೊಡೆಯುವವನು ಕೈ ಎತ್ತುತ್ತಾನೆ, ಕಣ್ಣಿಗೆ ಕಣ್ಣು ಸೇರುತ್ತದೆ, ಆಕೆ ಕಣ್ಣಲ್ಲೇ ಒಪ್ಪಿಗೆ ಕೊಟ್ಟ ಮೇಲಷ್ಟೇ ಕೈ ಬೀಸಬೇಕು. ಕಣ್ಣು ಸೇರದಿದ್ದರೆ ಏಟಿಲ್ಲ, ಮಾತು ಮುಂದುವರಿಸಿ.

ಕೆನ್ನೆ ಏಟು: ಇಬ್ಬರ ನಡುವೆ ಕೈ ಪೂರ್ತಿ ಚಾಚಿದರೂ ಬೆರಳ ತುದಿ ಮುಖಕ್ಕೆ ಒಂದು ಗೇಣು ದೂರ ಉಳಿಯುವಷ್ಟು ಅಂತರ ಇರಲಿ. ಪ್ರೊಸೀನಿಯಂನಲ್ಲಿ ಹೊಡೆಯುವವನ ಬೆನ್ನು ಪ್ರೇಕ್ಷಕರ ಕಡೆಗೆ, ತಿನ್ನುವವಳು ಅವನಾಚೆ. ಅಂತರ ಆಗ ಯಾರಿಗೂ ಕಾಣುವುದಿಲ್ಲ. ಸದ್ದನ್ನು ಆಕೆಯೇ ಮಾಡಲಿ, ಹೊಟ್ಟೆಯ ಮಟ್ಟದಲ್ಲಿ ಒಂದು ಚಪ್ಪಾಳೆ. ಅದೇ ಕೈ ಮೇಲೇರಿ ಕೆನ್ನೆ ಹಿಡಿದುಕೊಂಡರೆ ಚಪ್ಪಾಳೆಯೂ ಮುಚ್ಚಿಹೋಯಿತು. ತಲೆ ತಿರುಗುವುದು, ಸದ್ದು, ಕೈ ದಾಟುವುದು ಮೂರೂ ಒಂದೇ ಕ್ಷಣಕ್ಕೆ ಆಗಬೇಕು. ಹವ್ಯಾಸಿಗಳಲ್ಲಿ ತಲೆ ಮೊದಲೇ ತಿರುಗಿಬಿಡುತ್ತದೆ. ಏಟು ಸುಳ್ಳೆಂದು ಗೊತ್ತಾಗುವುದು ಅಲ್ಲೇ.

ಜಡೆ: ಅವನು ಮುಷ್ಟಿ ಕಟ್ಟಿ ಆಕೆಯ ತಲೆ ಮೇಲೆ ಇಡುತ್ತಾನೆ ಅಷ್ಟೆ, ಕೂದಲು ಹಿಡಿಯುವುದಿಲ್ಲ. ಆಕೆ ಎರಡೂ ಕೈಯಲ್ಲಿ ಅವನ ಮುಷ್ಟಿಯನ್ನು ತನ್ನ ತಲೆಗೆ ಒತ್ತಿ ಹಿಡಿಯುತ್ತಾಳೆ. ಎಲ್ಲಿಗೆ, ಎಷ್ಟು ವೇಗವಾಗಿ ಹೋಗಬೇಕೆಂದು ನಡೆಸುವವಳು ಆಕೆ, ಅವನು ಹಿಂಬಾಲಿಸುತ್ತಾನೆ. ನೋಡುವವರಿಗೆ ಇದು ಪೂರಾ ತಿರುವುಮುರುವಾಗಿ ಕಾಣುತ್ತದೆ. ಜಡೆಗೆ ಚೌರಿ ಸೇರಿಸಿದ್ದರೆ ಅದು ಕಳಚಿ ಕೈಗೆ ಬಂದು ಸಭೆ ನಗುತ್ತದೆ, ಹಾಗಾಗಿ ಸ್ವಂತ ಕೂದಲೇ ಸಾಕು.

ಬೀಳುವಾಗ ಮೊಣಕಾಲು, ಮೊಣಕೈ, ಬಾಲದ ಮೂಳೆ ಮೊದಲು ನೆಲಕ್ಕೆ ತಾಗಬಾರದು. ಒಂದು ಕಾಲು ಹಿಂದಿಟ್ಟು ಕುಗ್ಗಿ, ಪಿರ್ರೆಯ ಒಂದು ಪಕ್ಕಕ್ಕೆ ಕೂತು, ಆಮೇಲೆ ತೊಡೆ, ಬೆನ್ನು.

ವೇಗ: ಮೊದಲ ವಾರ ಕಾಲು ವೇಗ, ಆಮೇಲೆ ಅರ್ಧ. ಪ್ರದರ್ಶನದಲ್ಲೂ ಮುಕ್ಕಾಲೇ. ಪೂರ್ತಿ ವೇಗದಲ್ಲಿ ಮಾಡಿದರೆ ನೋಡುವವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ, ನಟರಿಗೆ ಮಾತ್ರ ಪೆಟ್ಟಾಗುತ್ತದೆ. ಪ್ರತಿ ಪ್ರದರ್ಶನಕ್ಕೆ ಅರ್ಧ ಗಂಟೆ ಮುಂಚೆ, ಅದೇ ರಂಗದಲ್ಲಿ, ಅದೇ ಉಡುಪಿನಲ್ಲಿ, ಹೊಡೆತದ ಭಾಗಗಳನ್ನು ಎರಡು ಸಲ ನಿಧಾನವಾಗಿ, ಒಂದು ಸಲ ಪ್ರದರ್ಶನದ ವೇಗದಲ್ಲಿ ಮಾಡಿಸಿ. ನಾಟಕದಲ್ಲಿ ಪಾತ್ರವಿಲ್ಲದ ಒಬ್ಬರು ಇದನ್ನು ನೋಡಿಕೊಳ್ಳಲಿ. ನಿರ್ದೇಶಕರಿಗೆ ಆ ಹೊತ್ತಿಗೆ ಬೇರೆ ಸಾವಿರ ತಲೆನೋವು ಇರುತ್ತವೆ.

ಗಾಜಿನ ಬಳೆ ಬೇಡ, ಒಡೆದು ಮಣಿಕಟ್ಟು ಕೊಯ್ಯುತ್ತದೆ, ಲೋಹದ್ದು ಹಾಕಿ. ಉಂಗುರ, ವಾಚು ಇಬ್ಬರೂ ತೆಗೆಯಬೇಕು. ಸೆರಗಿಗೆ ಪಿನ್ ಬದಲು ಎರಡು ಹೊಲಿಗೆ. ತಾಳಿ ದಾರ ಎಳೆದರೆ ಕಿತ್ತುಬರುವಂಥದ್ದಿರಲಿ, ಹತ್ತಿ ನೂಲಿನ ಒಂದು ಗಂಟು ಸಾಕು. ಗಟ್ಟಿ ಸರ ಕುತ್ತಿಗೆಗೆ ಸಿಕ್ಕಿಕೊಂಡರೆ ಅಪಾಯ.

ಇನ್ನೊಂದು. ತಾಲೀಮಿನಲ್ಲಿ ನಿಜವಾಗಿ ನೋವಾದರೆ ನಿಲ್ಲಿಸಲು ಒಂದು ಪದ ಬೇಕು. 'ಬಿಡು', 'ನಿಲ್ಲಿಸು', 'ಸಾಕು' ಇವೆಲ್ಲ ನಾಟಕದ ಮಾತಿನಲ್ಲೇ ಇರುತ್ತವೆ, ಯಾರೂ ನಿಲ್ಲಿಸುವುದಿಲ್ಲ. 'ತೆರೆ' ಅಂತ ಇಟ್ಟುಕೊಳ್ಳಿ. ಯಾರು ಕೂಗಿದರೂ ಎಲ್ಲರೂ ನಿಂತುಬಿಡಬೇಕು, ಯಾಕೆ ಅಂತ ಆಮೇಲೆ ಕೇಳಿದರಾಯಿತು.

ಹುಬ್ಬಳ್ಳಿ ಪ್ರಾಪರ್ಟಿ

2005 ಅಂದ್ರಿ ಅಲ್ರೀ, ಹಂಗಾದ್ರ ಟೆಟ್ರಾ ಪ್ಯಾಕ್ ಇಡಬ್ಯಾಡ್ರಿ, ಸಾರಾಯಿ ಪ್ಯಾಕೆಟ್ ಇಡ್ರಿ. ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆಗಿದ್ದು 2007ರ ಜುಲೈ 1ಕ್ಕ. ಅದರ ಹಿಂದಿನ ಕತಿಯೊಳಗ ಬಡವರ ಕುಡಿತ ಅಂದ್ರ ಪ್ಯಾಕೆಟ್ಟು. ಈಗಿನ ಕತಿ ಮಾಡ್ತೀರಂದ್ರ 90 ಎಂಎಲ್, 180 ಎಂಎಲ್ ಟೆಟ್ರಾ.

ಪ್ಯಾಕೆಟ್ ಮಾಡೋದು ಹಿಂಗ: ಪ್ಲಾಸ್ಟಿಕ್ ಟ್ಯೂಬ್ ರೋಲ್ ತರ್ರಿ, ಸೀಲಿಂಗ್ ಮಶೀನ್ ಇದ್ದ ಕಿರಾಣಿ ಅಂಗಡ್ಯಾಗ ಸೀಲ್ ಮಾಡಿಸ್ರಿ. ಒಳಗ ಕುಡಿಯೋ ನೀರು, ಮುಕ್ಕಾಲು ಮಟ್ಟ ಅಷ್ಟ. ತುಂಬಿಸಿದ್ರ ಕಿಸೆದಾಗ ಒಡೀತೈತಿ. ಮೂಲಿಗೆ ಕತ್ತರಿಲೆ ಮೊದಲ ಒಂದು ಸಣ್ಣ ಗಾಯ ಮಾಡಿ ಇಡ್ರಿ, ಇಲ್ಲಂದ್ರ ಪಾಪ ನಟ ಹಲ್ಲಿಲೆ ಕಚ್ಚಿ ಎಳಕೋತ ನಿಂತಿರ್ತಾನು, ಸೀನ್ ಹೋಗಿಬಿಡ್ತೈತಿ. ಒಂದು ಪ್ರದರ್ಶನಕ್ಕ ಬೇಕಾದ್ದಕ್ಕಿಂತ ಎರಡು ಹೆಚ್ಚು ಇಡ್ರಿ.

ವಿಸ್ಕಿ ಬೇಕಂದ್ರ ಹಾಲಿಲ್ಲದ ಚಾ. ಒಂದು ಲೀಟರ್ ನೀರಿಗೆ ಒಂದೂವರೆ ಚಮಚ ಪುಡಿ, ಎರಡು ಮಿನಿಟ್ ಕುದಿಸಿ ಬಟ್ಟಿಲೆ ಎರಡು ಸರ್ತಿ ಸೋಸ್ರಿ. ಸ್ಟ್ರಾಂಗ್ ಮಾಡಿದ್ರ ಆರಿದ ಮ್ಯಾಲೆ ಮಬ್ಬಾಗತೈತಿ. ಸಕ್ರಿ ಹಾಕಬ್ಯಾಡ್ರಿ, ಗಂಟಲು ಅಂಟತೈತಿ, ಇರಿವಿ ಬರ್ತಾವು. ಕೋಲಾ ಅಂತೂ ಬ್ಯಾಡೇ ಬ್ಯಾಡ, ಡೈಲಾಗ್ ನಡುವ ತೇಗು ಬರ್ತೈತಿ.

ಗಂಗಾಳ ಎಸಿಯೋದು ಅಂದ್ರ ಅಪಾಯ. ದುಂಡಗಿನ ಸ್ಟೀಲ್ ಗಂಗಾಳ ಅಂಚಿನ ಮ್ಯಾಲೆ ಉರುಳಿ ಸೀದಾ ಮೊದಲನೇ ಸಾಲಿಗೆ ಹೋಗತೈತಿ. ಕೈಲೆ ಎತ್ತಿ ಎಸೀಬ್ಯಾಡ್ರಿ. ಮಣಿ ಮ್ಯಾಲಿಂದ ಅಂಗೈಲೆ ವಿಂಗ್ ಕಡೆ, ಅಂದ್ರ ರಂಗದ ಪಕ್ಕದ ಪರದೆ ಕಡೆ ತಳ್ಳಸ್ರಿ. ಸ್ಟೀಲಿನ ಸದ್ದು ಅಷ್ಟಕ್ಕ ಸಾಕು, ಎದಿ ಝಲ್ ಅಂತೈತಿ. ಅನ್ನ ಸಾರು ಹಾಕಿದ್ರ ಮುಂದಿನ ಸೀನಿನ್ಯಾಗ ಬರಿಗಾಲಿಲೆ ಬಂದವ್ರು ಜಾರಿ ಬೀಳ್ತಾರು. ಚುರುಮುರಿ ಹಾಕಿದ್ರ ಕಾಲಾಗ ಚರ್ ಚರ್ ಅಂತಾವು. ಗಟ್ಟಿ ಅವಲಕ್ಕಿಗೆ ಒಂದೀಟು ನೀರು ಚಿಮಿಕಿಸಿ ಇಡ್ರಿ, ದೂರದಿಂದ ಅನ್ನದಂಗ ಕಾಣತೈತಿ. ಊಟಕ್ಕ ಕುಂಡ್ರೋ ಜಾಗಾದಾಗ ಒಂದು ಚಾಪಿ ಹಾಸಿರ್ರಿ. ಚೆಲ್ಲಿದ್ದನ್ನ ಮಗಳು ಬಳಿದು ಚಾಪಿ ಸುತ್ತಿ ಒಳಗ ಒಯ್ಯಲಿ. ಬ್ಲ್ಯಾಕ್‌ಔಟಿನ್ಯಾಗ ಸ್ಟೇಜ್ ಹುಡುಗ್ರು ಬಂದು ಕಸ ಹೊಡಿಯೋದಕ್ಕಿಂತ ಇದು ನೂರು ಪಾಲು ಚಲೋ. ದಿನಾ ಮಾಡಿ ರೂಢಿ ಆದವಳಂಗ ಮಾಡಬೇಕು ಆಕಿ, ಅಳಕೋತ ಅಲ್ಲ.

ವಾರ್ಡಿನ ಕಿಟಕಿ

ವ್ಯಸನ ಚಿಕಿತ್ಸೆಯ ಕಡೆಯಿಂದ ನೋಡಿದರೆ ನಿಮ್ಮ ಅಪ್ಪ ಟೈಲರ್ ಆಗಿರುವುದು ನಾಟಕಕ್ಕೆ ದೊಡ್ಡ ಲಾಭ. ದಿನವೂ ಕುಡಿಯುವವನ ಕೈ ನಡುಗುವುದು ಕುಡಿದಾಗಲ್ಲ, ಕುಡಿಯದಿದ್ದಾಗ. ರಾತ್ರಿ ಕುಡಿದು ಮಲಗಿದವನಿಗೆ ಬೆಳಿಗ್ಗೆ ಏಳುವ ಹೊತ್ತಿಗೆ ನಡುಕ, ಬೆವರು, ಓಕರಿಕೆ ಶುರುವಾಗಿರುತ್ತದೆ. ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಒಂದು ಪ್ಯಾಕೆಟ್ ಕುಡಿದು ಸ್ವಲ್ಪ ಹೊತ್ತಿಗೆ ದಾರ ಸಲೀಸಾಗಿ ಹೋಗುತ್ತದೆ. ಮಾತೇ ಇಲ್ಲದೆ ವ್ಯಸನ ಏನೆಂದು ತೋರಿಸಲು ಇದಕ್ಕಿಂತ ಏನು ಬೇಕು?

ಕುಡಿದ ಅಭಿನಯ. ತೂರಾಡಿಸಬೇಡಿ. ಕುಡಿದವನ ಎಲ್ಲ ಪ್ರಯತ್ನವೂ ತಾನು ಕುಡಿದಿಲ್ಲ ಎಂದು ತೋರಿಸುವ ಕಡೆಗೆ. ಕಾಲು ಸ್ವಲ್ಪ ಅಗಲ, ಕತ್ತು ಗಟ್ಟಿ, ಬಾಗಿಲು ದಾಟುವಾಗ ಅತಿ ಎಚ್ಚರ, ಪ್ರಶ್ನೆ ಕೇಳಿದರೆ ಒಂದು ಸೆಕೆಂಡು ತಡವಾಗಿ ಉತ್ತರ. ನೋಟ ಮೊದಲು ವಸ್ತುವಿನ ಮೇಲೆ ನಿಲ್ಲುತ್ತದೆ, ಕೈ ಆಮೇಲೆ ಹೋಗುತ್ತದೆ. ನಾಲಿಗೆ ತೊದಲಿಸುವುದು ಎಲ್ಲಕ್ಕಿಂತ ಕೊನೆಗೆ, ಒಂದೆರಡು ಪದಕ್ಕೆ ಮಾತ್ರ. ವರ್ಷಗಟ್ಟಲೆ ಕುಡಿದವನಿಗೆ ತಾಳಿಕೆ ಬೆಳೆದಿರುತ್ತದೆ, ಹೊರಗಿನವರಿಗೆ ಗೊತ್ತೇ ಆಗದಿರಬಹುದು. ಮನೆಯವರಿಗೆ ಮಾತ್ರ ಗೊತ್ತಾಗುತ್ತದೆ.

ಆಣೆಯ ದೃಶ್ಯ ದಯವಿಟ್ಟು ತೆಗೆಯಿರಿ. ಭಾವುಕ ಅಂತಲ್ಲ, ಅಪಾಯ ಅಂತ. ದಿನವೂ ಹೆಚ್ಚು ಕುಡಿಯುವವನು ಏಕಾಏಕಿ ನಿಲ್ಲಿಸಿದರೆ 6ರಿಂದ 12 ಗಂಟೆಯೊಳಗೆ ನಡುಕ, ಬೆವರು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ. ಎಲ್ಲಿದ್ದೇನೆಂದು ತಿಳಿಯದು, ಗೋಡೆಯಲ್ಲಿ ಹುಳ ಕಾಣುತ್ತದೆ, ಜ್ವರ, ಎದೆಬಡಿತ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಆ ಸನ್ನಿಯಲ್ಲಿ ಕೆಲವರ ಕೈ ತಮ್ಮ ಕಸುಬಿನ ಕೆಲಸವನ್ನೇ ಗಾಳಿಯಲ್ಲಿ ಮಾಡುತ್ತಿರುತ್ತದೆ. ಚಾಲಕ ಸ್ಟೀರಿಂಗ್ ತಿರುಗಿಸುತ್ತಾನೆ. ನಿಮ್ಮ ಟೈಲರ್ ಇಲ್ಲದ ಬಟ್ಟೆ ಹೊಲಿಯುತ್ತಾನೆ.

'ಗಂಡನಿಗೆ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ' ಸಾರಿನಲ್ಲಿ ಬೆರೆಸುವ ತಮಾಷೆಯ ದೃಶ್ಯ ಎಷ್ಟೋ ನಾಟಕಗಳಲ್ಲಿ ಇರುತ್ತದೆ. ನಿಮ್ಮದರಲ್ಲಿದ್ದರೆ ಅದೂ ಬೇಡ. ಅಂಥ ಪುಡಿಯಲ್ಲಿ ಕುಡಿತ ಬಿಡಿಸುವ ಔಷಧಿ ಡೈಸಲ್ಫಿರಾಂ ಇರಬಹುದು. ಅದು ಒಳಗಿದ್ದು ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೂ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿ ವೈದ್ಯರು ಕೊಡುವ ಮಾತ್ರೆ ಅದು. ನಾಟಕ ನೋಡಿದವರಲ್ಲಿ ಒಬ್ಬರು ಮನೆಗೆ ಹೋಗಿ ಪ್ರಯೋಗ ಮಾಡಿದರೂ ಸಾಕು, ಅನಾಹುತ.

ಸೈಡ್‌ವಿಂಗ್

ಸೂಜಿ ದಾರದ್ದು ಈಗಲೇ ಸ್ಕ್ರಿಪ್ಟಿಗೆ ಹೋಯಿತು. ಹಾಗಾದರೆ ಕೊನೆ ಏನು? ಅಪ್ಪ ಸರಿಹೋಗಲೇಬಾರದೇ? ಮೈದಾನದ ಪ್ರೇಕ್ಷಕರು ಏನಾದರೂ ಒಂದು ಭರವಸೆ ಬೇಕು ಅಂತಾರೆ.

ವಾರ್ಡಿನ ಕಿಟಕಿ

ಸರಿಹೋಗಬಹುದು. ಆದರೆ ಹೋಗುವ ದಾರಿ ಹೀಗೆ: ಸುಮಾರು ಒಂದು ವಾರ ಆಸ್ಪತ್ರೆಯಲ್ಲಿ ಔಷಧಿಯ ಆಸರೆಯಲ್ಲಿ ನಿಲ್ಲಿಸುವುದು, ಆಮೇಲೆ ತಿಂಗಳುಗಟ್ಟಲೆ ಫಾಲೋಅಪ್, ಗುಂಪಿನ ಸಭೆ, ನಡುವೆ ಮತ್ತೆ ಕುಡಿಯುವುದು, ಮತ್ತೆ ಬರುವುದು. ಹಳ್ಳಿ ಕಡೆ ಎಂಟು ದಿನದ ಮದ್ಯವರ್ಜನ ಶಿಬಿರಗಳು ಜನರಿಗೆ ಪರಿಚಿತ, ಅದನ್ನೂ ಬಳಸಬಹುದು. ಮರುಕುಡಿತವನ್ನು ದ್ರೋಹ ಅಂತ ತೋರಿಸದೆ ಕಾಯಿಲೆಯ ನಡೆ ಅಂತ ತೋರಿಸಿ.

ಇನ್ನು ಮುಖ್ಯವಾದದ್ದು. ಕುಡಿತ ನಿಂತರೆ ಹೊಡೆತ ತಾನಾಗಿ ನಿಲ್ಲುತ್ತದೆ ಎಂಬ ಗ್ಯಾರಂಟಿ ಇಲ್ಲ. ಇದನ್ನು ನಾಟಕ ಮರೆತರೆ 'ಪಾಪ ಒಳ್ಳೆಯವನು, ಎಣ್ಣೆ ಒಳಗೆ ಹೋದರೆ ಮಾತ್ರ' ಎನ್ನುವ ಊರಿನ ವಕಾಲತ್ತಿಗೆ ನೀವೂ ಸಹಿ ಹಾಕಿದಂತೆ. ಕುಡಿದಾಗಲೂ ಅವನು ಯಾರನ್ನು ಹೊಡೆಯುತ್ತಾನೆ ನೋಡಿ. ಬಡ್ಡಿ ಕೇಳಲು ಬಂದವನನ್ನಲ್ಲ, ಗಿರಾಕಿಯನ್ನಲ್ಲ. ಅಮ್ಮನ ಹೊಲಿಗೆ ಡಬ್ಬಿ ಒಡೆಯುತ್ತಾನೆ, ತನ್ನ ಮಶೀನ್ ಮುಟ್ಟುವುದಿಲ್ಲ. ಬೆನ್ನಿಗೆ ಹೊಡೆಯುತ್ತಾನೆ, ನಾಳೆ ನೆರೆಯವರು ನೋಡುವ ಮುಖಕ್ಕೆ ಅಪರೂಪ. ಹಾಗಾಗಿ ಮೊದಲ ಏಟೇ ಕೆನ್ನೆಗೆ ಬೇಕೇ ಅಂತ ಒಮ್ಮೆ ಯೋಚಿಸಿ. ಸಂಶಯವನ್ನೂ ಸೇರಿಸಿ: ಬ್ಲೌಸ್ ಅಳತೆ, ಗಿರಾಕಿಯ ಗಂಡ ಬಂದು ಬಟ್ಟೆ ಒಯ್ದದ್ದು, ಹತ್ತು ರೂಪಾಯಿ ಹೆಚ್ಚು ಕೊಟ್ಟದ್ದು. ವಿಪರೀತ ಕುಡಿಯುವವರಲ್ಲಿ ಹೆಂಡತಿಯ ಮೇಲಿನ ಸಂಶಯ ತುಂಬ ಕಾಣುತ್ತದೆ.

ಕಂಪನಿ ನಾಟಕದವ

ಈ ಆಣೆ, ಈ ಸಹನಾಮೂರ್ತಿ ಹೆಂಡತಿ ಎಲ್ಲಿಂದ ಬಂದವೆಂದು ನೋಡಬೇಕಾದರೆ ಹಳೆಯ ಪಾನನಿಷೇಧದ ನಾಟಕಗಳನ್ನು ನೋಡಬೇಕು. ರಾಮ ಗಣೇಶ ಗಡಕರಿಯವರ ಮರಾಠಿ ನಾಟಕ 'ಏಕಚ್ ಪ್ಯಾಲಾ' 1919ರಲ್ಲಿ ಗಂಧರ್ವ ನಾಟಕ ಮಂಡಳಿಯಿಂದ ರಂಗಕ್ಕೆ ಬಂತು. ಅದೇ ವರ್ಷದ ಜನವರಿಯಲ್ಲಿ ಗಡಕರಿ ತೀರಿಕೊಂಡಿದ್ದರು. ವಕೀಲ ಸುಧಾಕರ ಒಂದೇ ಬಟ್ಟಲು ಅಂತ ಶುರುಮಾಡಿ ಮನೆಯನ್ನೇ ಮುಗಿಸುತ್ತಾನೆ. ಹೆಂಡತಿ ಸಿಂಧುವಿನ ಪಾತ್ರ ಸ್ತ್ರೀಪಾತ್ರಗಳಿಗೆ ಹೆಸರಾದ ನಟ ಬಾಲಗಂಧರ್ವರದು. ಸುಧಾಕರನಿಗೆ ಕುಡಿತ ಹಿಡಿಸುವ ತಳೀರಾಮನ ಕುಡುಕರ ಮಂಡಳಿಯ ದೃಶ್ಯಗಳಲ್ಲಿ ಜನ ಹೊಟ್ಟೆ ಹಿಡಿದು ನಗಬೇಕು, ಸಿಂಧುವಿನ ದೃಶ್ಯಗಳಲ್ಲಿ ಅಳಬೇಕು. ಕಟ್ಟುವಿಕೆ ಅದ್ಭುತ. ಆದರೆ ಸಿಂಧುವಿನ ದೊಡ್ಡತನ ಇರುವುದೇ ಎಲ್ಲವನ್ನೂ ಸಹಿಸಿ ಗಂಡನನ್ನು ಕಾಯುವುದರಲ್ಲಿ. ಆ ಅಚ್ಚು ನೂರು ವರ್ಷದಿಂದ ನಮ್ಮ ಕಡೆಯೂ ಓಡುತ್ತಿದೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಅಮ್ಮನನ್ನು ಹೊಗಳುವ ಮಾತು ಎಷ್ಟಿದೆ, ಆಕೆ ತಾನಾಗಿ ಮಾಡುವ ಕೆಲಸ ಎಷ್ಟಿದೆ, ಎರಡಕ್ಕೂ ಪೆನ್ಸಿಲ್ ಗುರುತು ಹಾಕಿ ಎಣಿಸಿ.

ನೆಲದ ಮೇಲೆ ಕೂತವಳು

ನನ್ನ ಪ್ರಶ್ನೆ ಬೇರೆ. ಮೂರೂ ಹೊಡೆತ ರಂಗದ ಮೇಲೆಯೇ ಯಾಕೆ? ಇಂಥ ಮನೆಯಿಂದ ಬಂದ ಹೆಂಗಸರು ಸಭೆಯಲ್ಲಿ ಕೂತೇ ಇರುತ್ತಾರೆ, ಅವರಿಗೆ ಏಟು ಹೇಗಿರುತ್ತದೆಂದು ತೋರಿಸಿಕೊಡುವ ಅಗತ್ಯ ಇಲ್ಲ. ಉಳಿದವರಿಗೆ ಅದು ಕುಸ್ತಿ ನೋಡಿದ ಹಾಗೆ. ಒಂದನ್ನು ಉಳಿಸಿಕೊಳ್ಳಿ. ಬೆಲ್ಟ್ ಬಾಗಿಲಾಚೆ ಆಗಲಿ, ಈಚೆ ಅಜ್ಜಿ, ಮಗಳು ಇಬ್ಬರೂ ಏನು ಮಾಡುತ್ತಾರೆ ಎಂಬುದೇ ದೃಶ್ಯ.

ತಾಲೀಮು ಮನೆ

ಪೂರ್ತಿ ಒಪ್ಪಲಾರೆ ಮೇಡಂ. ಎಲ್ಲವೂ ಬಾಗಿಲಾಚೆ ಹೋದರೆ ಪ್ರೇಕ್ಷಕರಿಗೂ ನೆರೆಮನೆಯವರ ಹಾಗೆ ಕೇಳಿಸಲಿಲ್ಲ ಅನ್ನುವ ಅನುಕೂಲ ಸಿಗುತ್ತದೆ. ಒಂದಾದರೂ ಬೆಳಕಿನಲ್ಲಿ, ಎದುರಿಗೇ ಆಗಬೇಕು. ಆದರೆ ಬೆಲ್ಟ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಸುರಕ್ಷತೆಯಿಂದಲೂ. ಬೆಲ್ಟಿನ ತುದಿ ಎಲ್ಲಿ ಹೋಗುತ್ತದೆಂದು ನಟನ ಹತೋಟಿಯಲ್ಲಿ ಇರುವುದಿಲ್ಲ. ಆಚೆಗೆ ಒಂದು ಮಂಚದ ಮೇಲೆ ಹಳೆ ಹಾಸಿಗೆ ಮಡಚಿಟ್ಟು, ಬಕಲ್ ಕತ್ತರಿಸಿದ ಬೆಲ್ಟಿನಿಂದ ಬಾರಿಸಿದರೆ ಸದ್ದು ಸರಿಯಾಗಿ ಬರುತ್ತದೆ. ಮೂರಕ್ಕಿಂತ ಹೆಚ್ಚು ಬೇಡ. ಎರಡರ ನಂತರ ಒಂದು ತಡ, ಆಮೇಲೆ ಮೂರನೆಯದು. ರೆಕಾರ್ಡ್ ಮಾಡಿದ ಸದ್ದು ಹಾಕಬೇಡಿ, ದಿನವೂ ಒಂದೇ ಅಳತೆಗೆ ಬೀಳುತ್ತದೆ, ಈಚೆ ಇರುವ ನಟರು ಎಣಿಸಿ ಬೆಚ್ಚಲು ಶುರುಮಾಡುತ್ತಾರೆ.

ಮೂರು ಕಡೆ ಪ್ರೇಕ್ಷಕರಿರುವ ರಂಗದಲ್ಲಿ ಕೆನ್ನೆ ಏಟಿನ ಅಂತರ ಒಂದು ಕಡೆಯವರಿಗಾದರೂ ಕಂಡೇ ಕಾಣುತ್ತದೆ. ಅಲ್ಲಿಗೆ ಅದನ್ನು ಬಿಟ್ಟು ಭುಜ ಹಿಡಿದು ಗೋಡೆಗೆ ದೂಡುವುದನ್ನು ಇಡಿ. ಕೈ ಭುಜದ ಮೇಲಿದ್ದರೂ ಹಿಂದೆ ಹೆಜ್ಜೆ ಹಾಕುವವಳು ಆಕೆಯೇ. ಗೋಡೆಗೆ ತನ್ನ ಅಂಗೈಯಿಂದ ಬಡಿದು ಸದ್ದು ಮಾಡುತ್ತಾಳೆ. ಸೆಟ್ಟಿನ ಗೋಡೆಯಾದ ಆ ಫ್ಲಾಟ್‌ಗೆ ಹಿಂದಿನಿಂದ ಎರಡು ಆಸರೆ ಕೋಲು ಜಾಸ್ತಿ ಕೊಡಿ, ಇಲ್ಲದಿದ್ದರೆ ಮನೆಯೇ ಮಗುಚುತ್ತದೆ.

ಡಿಮ್ಮರ್

ಬೆಳಕು, ಸದ್ದು ಎರಡೂ ಸೇರಿಸಿ ಹೇಳುತ್ತೇನೆ, ಈ ನಾಟಕದಲ್ಲಿ ಬೇರೆ ಮಾಡಲಾಗದು.

ಹೊಡೆದ ತಕ್ಷಣ ಬ್ಲ್ಯಾಕ್‌ಔಟ್ ಮಾಡುವುದು ನಮ್ಮ ನಿರ್ದೇಶಕರಿಗೆ ಒಂದು ಚಟ. ಕುಡಿತಕ್ಕಿಂತ ಬಿಡಿಸುವುದು ಕಷ್ಟ. ಕತ್ತಲಾದ ಕೂಡಲೇ ಸಭೆ ಉಸಿರು ಬಿಡುತ್ತದೆ, ಕಷ್ಟಪಟ್ಟು ಕಟ್ಟಿದ್ದು ಅಲ್ಲಿಗೆ ಹೋಯಿತು. ಏಟಾದ ಮೇಲೂ ಟ್ಯೂಬ್‌ಲೈಟಿನ ಅದೇ ಬೆಳಕು ಹತ್ತು ಸೆಕೆಂಡು ಹಾಗೇ ಇರಲಿ. ದೀಪದ ಮುಂದಿಡುವ ಬಣ್ಣದ ಹಾಳೆ, ಕೆಂಪು ಜೆಲ್, ಬೇಡವೇ ಬೇಡ. ತಣ್ಣನೆಯ ಬಿಳಿ, ಮೇಲಿನಿಂದ, ನೆರಳು ಕಡಿಮೆ. ಮೈದಾನದಲ್ಲಂತೂ ಬೀದಿದೀಪ ಇರುವುದರಿಂದ ಪೂರ್ತಿ ಕತ್ತಲೆ ಸಿಗುವುದೇ ಇಲ್ಲ. ಕತ್ತಲನ್ನು ನಂಬಿ ಕಟ್ಟಿದ ದೃಶ್ಯಗಳೆಲ್ಲ ಅಲ್ಲಿ ಕೆಡುತ್ತವೆ. ಜನರೇಟರ್ ಇದ್ದರೆ ಹ್ಯಾಲೊಜನ್‌ಗಳನ್ನು ಒಮ್ಮೆಲೇ ಏರಿಸಬೇಡಿ, ಆಂಪ್ಲಿಫೈಯರ್ ಗುರ್ ಎನ್ನುತ್ತದೆ. ಬೇರೆ ಬೇರೆ ಲೈನ್ ಕೊಡಿಸಿ.

ಈಗ ಮುಖ್ಯವಾದದ್ದು: ಅಪ್ಪ ಬರುವ ಸದ್ದು. ಗಲ್ಲಿಯ ತುದಿಯಲ್ಲಿ ಮೊಪೆಡ್, ಇಂಜಿನ್ ಆಫ್, ಸ್ಟ್ಯಾಂಡ್, ಗೇಟಿನ ಚಿಲಕ, ಚಪ್ಪಲಿ. ಐದೂ ಬೇರೆ ಬೇರೆ ಫೈಲ್ ಆಗಿರಲಿ, ಒಂದೇ ಟ್ರ್ಯಾಕ್ ಮಾಡಬೇಡಿ. ನಾಟಕದ ಮೊದಲ ಐದು ನಿಮಿಷದಲ್ಲಿ ಒಮ್ಮೆ ಸಲೀಸಾಗಿ ಬರಲಿ: ಸ್ಟ್ಯಾಂಡ್ ಒಂದೇ ಸಲಕ್ಕೆ ಬೀಳುತ್ತದೆ, ಮನೆಯಲ್ಲಿ ಮಾತು ನಡೆದೇ ಇರುತ್ತದೆ. ಎರಡನೇ ಸಲ ಸ್ಟ್ಯಾಂಡ್ ಜಾರಿ ಮತ್ತೆ ಬೀಳುತ್ತದೆ. ಅಷ್ಟಕ್ಕೇ ಮಗಳು ಟಿವಿ ಸದ್ದು ಇಳಿಸುತ್ತಾಳೆ, ಮಗ ಪುಸ್ತಕ ಮಂಚದಡಿ ತಳ್ಳುತ್ತಾನೆ, ಅಮ್ಮ ಒಲೆ ಮೇಲಿನ ಪಾತ್ರೆಗೆ ಮುಚ್ಚಳ ಹಾಕುತ್ತಾಳೆ. ಮೂರನೇ ಸಲಕ್ಕೆ ಪ್ರೇಕ್ಷಕರೇ ಸ್ಟ್ಯಾಂಡ್ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ. ಇಂಜಿನ್ ಆಫ್ ಆಗಿದ್ದರಿಂದ ಬಾಗಿಲು ತೆರೆಯುವವರೆಗೆ 12 ಸೆಕೆಂಡು ಕೊಡಿ. ತಾಲೀಮಿನಲ್ಲಿ ಬಹಳ ದೀರ್ಘ ಅನಿಸುತ್ತದೆ, ಪ್ರದರ್ಶನದಲ್ಲಿ ಅನಿಸುವುದಿಲ್ಲ. ಆ ಸದ್ದಿಗೆ ಸ್ಪೀಕರ್ ಮುಂದಿನದಲ್ಲ. ಗೇಟಿರುವ ಕಡೆಯ ವಿಂಗಿನೊಳಗೆ ಒಂದು ಚಿಕ್ಕದು ಬೇರೆ ಇಡಿ.

ಕಾಲರ್ ಮೈಕ್ ಬಳಸುವವರಿಗೆ ಎಚ್ಚರಿಕೆ: ಎದೆಯ ಹತ್ತಿರ ಚಪ್ಪಾಳೆ ಹೊಡೆದರೆ ಸ್ಪೀಕರಿನಲ್ಲಿ ಬಾಂಬ್ ಬಿದ್ದಂತೆ ಕೇಳುತ್ತದೆ. ಸದ್ದನ್ನು ತೊಡೆಗೆ ಇಳಿಸಿ. ಮೈಕಿನ ಪೆಟ್ಟಿಗೆ ಸೊಂಟದ ಹಿಂದೆ ಇದ್ದರೆ ಬೀಳುವಾಗ ಬೆನ್ನುಮೂಳೆಗೆ ಒತ್ತುತ್ತದೆ. ಬೀಳುವ ಪಕ್ಕದ ಎದುರು ಪಕ್ಕಕ್ಕೆ ಕಟ್ಟಿ.

ಕರಿಕೋಟು

ಮಗಳು ಹೇಳುವ ಕಾನೂನಿನ ಸಾಲು 2005ಕ್ಕೆ ಹೊಂದುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ ಹೆಸರಿನಲ್ಲಿ 2005 ಇದ್ದರೂ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಿಂದ. ನಿಮ್ಮ ಕತೆಯ ಅಮ್ಮನಿಗೆ ಆಗ ಇದ್ದದ್ದು ಮುಖ್ಯವಾಗಿ ಗಂಡನ ಕ್ರೌರ್ಯಕ್ಕೆ ಶಿಕ್ಷೆ ಹೇಳುವ ಭಾರತೀಯ ದಂಡ ಸಂಹಿತೆಯ 498ಎ, ಅಂದರೆ ಪೊಲೀಸ್ ಠಾಣೆ, ಗಂಡನ ಬಂಧನ. ಹೊಡೆತ ನಿಲ್ಲಬೇಕು ಆದರೆ ಗಂಡ ಜೈಲಿಗೆ ಹೋಗಬಾರದು ಎನ್ನುವ ಹೆಂಗಸಿಗೆ ಸುಲಭದ ದಾರಿ ಇರಲಿಲ್ಲ. ಆ ಇಕ್ಕಟ್ಟೇ ನಾಟಕ ಬೇಕಾದರೆ 2005ರಲ್ಲೇ ಇರಿ, ಮಗಳ ಸಾಲು ತೆಗೆಯಿರಿ.

ಈಗಿನ ಕಾಲಕ್ಕೆ ತರುತ್ತೀರಾದರೆ: 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, 498ಎ ಬದಲು 85 ಮತ್ತು 86ನೇ ಕಲಂ. ಇನ್ನೊಂದು ದಾರಿ ಸಂರಕ್ಷಣಾ ಕಾಯ್ದೆ. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅದೇ ಸಿಡಿಪಿಒ, ಸಂರಕ್ಷಣಾಧಿಕಾರಿ ಕೂಡ. ಅವರು ಘಟನೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. 12ನೇ ಕಲಂ ಅರ್ಜಿಗೆ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ಇತ್ಯರ್ಥಕ್ಕೆ 60 ದಿನದೊಳಗೆ ಪ್ರಯತ್ನ ಎನ್ನುತ್ತದೆ ಕಾಯ್ದೆ. ನ್ಯಾಯಾಲಯದ ಕಾರಿಡಾರ್ ಬೇರೆ ಮಾತು ಹೇಳುತ್ತದೆ. 18ರ ಅಡಿ ಹೊಡೆಯದಂತೆ ಆದೇಶ, 19ರ ಅಡಿ ಮನೆಯಲ್ಲಿ ಉಳಿಯುವ ಹಕ್ಕು, ಬೇಕಾದರೆ ಗಂಡನನ್ನೇ ಮನೆಯಿಂದ ಹೊರಗಿರಿಸುವ ಆದೇಶ. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹೆಂಡತಿಗಷ್ಟೇ ಅಲ್ಲ, ನಿಮ್ಮ ಅಜ್ಜಿಗೂ ಮಗಳಿಗೂ ಇದೇ ಕಾಯ್ದೆ ಅನ್ವಯ. ನಾಟಕಗಳಲ್ಲಿ ಯಾವಾಗಲೂ ಪೆಟ್ಟಿಗೆ ಹಿಡಿದು ಹೊರಡುವವಳು ಹೆಂಡತಿಯೇ. ಹೊರಡಬೇಕಾದವನು ಅವನು ಅಂತ ಒಂದು ನಾಟಕವಾದರೂ ಹೇಳಲಿ.

ನೆಲದ ಮೇಲೆ ಕೂತವಳು

ಒಂಬತ್ತು ವರ್ಷದ ಪಾತ್ರಕ್ಕೆ ನಿಜವಾದ ಮಗುವನ್ನು ಹಾಕಿದ್ದೀರಾ? ಹಾಕಿದ್ದರೆ ಆ ಮಗುವಿಗೆ ಹೊಡೆತದ ತಾಲೀಮು ಕಾಲು ವೇಗದಲ್ಲೇ ಮೊದಲು ತೋರಿಸಿ, ಸದ್ದು ಹೇಗೆ ಬರುತ್ತದೆಂದು ಅವನ ಕೈಯಲ್ಲೇ ಮಾಡಿಸಿ. ಗುಟ್ಟು ಗೊತ್ತಾದರೆ ಹೆದರಿಕೆ ಹೋಗುತ್ತದೆ. 'ನಿಜವಾಗಿ ಹೆದರಲಿ, ಅಭಿನಯ ಚೆನ್ನಾಗಿ ಬರುತ್ತೆ' ಎನ್ನುವ ನಿರ್ದೇಶಕರ ಕೈಗೆ ಮಗು ಕೊಡಬಾರದು. ಬೈಗುಳದ ದೃಶ್ಯದಲ್ಲಿ ಮಗು ರಂಗದ ಮೇಲಿರಲಿ, ಬೆಲ್ಟಿನ ದೃಶ್ಯದಲ್ಲಿ ಬೇಡ. ಅಲ್ಲಿ ಮಂಚದಡಿಯಿಂದ ಹೊರಗೆ ಕಾಣುವ ಶಾಲೆಯ ಚೀಲ ಸಾಕು. ಟಿಕೆಟ್ ಇಟ್ಟ ಪ್ರದರ್ಶನವಾದರೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳನ್ನೂ ಓದಿ: ದಿನಕ್ಕೆ ಐದು ಗಂಟೆ ಮೀರಬಾರದು, ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು, ಜಿಲ್ಲಾಧಿಕಾರಿಯ ಅನುಮತಿ ಬೇಕು.

ತಾಲೀಮು ಮುಗಿದ ಮೇಲೆ ಹೊಡೆಯುವ ನಟನನ್ನೂ ಮರೆಯಬೇಡಿ. ಎಲ್ಲರೂ ಹೊಡೆಸಿಕೊಂಡವಳನ್ನು ಸುತ್ತುವರಿಯುತ್ತಾರೆ, ಅವನು ಒಬ್ಬನೇ ಮೂಲೆಯಲ್ಲಿ ಸಿಗರೇಟು ಸೇದುತ್ತಿರುತ್ತಾನೆ. ಇಬ್ಬರೂ ಉಡುಪು ಕಳಚಿ, ಒಬ್ಬರನ್ನೊಬ್ಬರು ನಿಜದ ಹೆಸರಿನಿಂದ ಕರೆದು, ಬೇರೇನಾದರೂ ಮಾತಾಡಿ ಹೊರಡಲಿ. ಒಂದು ದಿನಕ್ಕೆ ಹೊಡೆತದ ದೃಶ್ಯ ಪೂರ್ತಿಯಾಗಿ ಮೂರು ಸಲಕ್ಕಿಂತ ಹೆಚ್ಚು ಬೇಡ. ನಾಲ್ಕನೇ ಸಲ ಸುಸ್ತಿನಲ್ಲಿ ಅಂತರ ತಪ್ಪುತ್ತದೆ.

ಕಂಪನಿ ನಾಟಕದವ

ನಗುವಿನ ಬಗ್ಗೆ ಯಾರೂ ಹೇಳಲಿಲ್ಲ. ಮೈದಾನದಲ್ಲಿ ಕುಡುಕ ರಂಗಕ್ಕೆ ಬಂದ ಅಂದರೆ ಜನ ನಕ್ಕೇ ನಗುತ್ತಾರೆ, ಅದು ಅವರ ತಪ್ಪಲ್ಲ, ಕುಡುಕ ಅಂದರೆ ಹಾಸ್ಯಪಾತ್ರ ಅಂತ ಕಲಿಸಿದವರು ನಾವೇ. ಮೊದಲ ಸಲ ನಗಲಿ ಬಿಡಿ. ನಗುವಿನ ಮೇಲೆ ಮಾತು ತಳ್ಳಬೇಡಿ, ಅಪ್ಪನ ಪಾತ್ರಧಾರಿ ಆ ನಗುವನ್ನು ಸವಿಯಲೂಬಾರದು. ಮನೆಯವರಲ್ಲಿ ಯಾರೂ ನಗದೆ, ಮಗಳು ಸುಮ್ಮನೆ ಎದ್ದು ತಮ್ಮನನ್ನು ಅಪ್ಪನ ಕೈಗೆಟಕದ ಕಡೆಗೆ ಸರಿಸಿ ಕೂರಿಸಿದರೆ ಸಭೆ ತಾನಾಗಿ ತಣ್ಣಗಾಗುತ್ತದೆ.

ಮುಂದಿನ ಸಾಲಿನಲ್ಲಿ ನಿಜವಾಗಿ ಕುಡಿದವನೊಬ್ಬ ಎದ್ದು ಮಾತಾಡುವುದು ಮೈದಾನದ ಪ್ರದರ್ಶನದಲ್ಲಿ ಮಾಮೂಲು. ನಟರು ಉತ್ತರ ಕೊಡಬಾರದು. ಆ ಊರಿನವರೇ ಇಬ್ಬರನ್ನು ಮೊದಲೇ ಗೊತ್ತುಮಾಡಿ. ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಹಾಕಿ, ನಿಧಾನ ಕರೆದುಕೊಂಡು ಹೋಗಲಿ. ಸಭೆಯೆದುರು ಅವಮಾನ ಮಾಡಿ ಕಳಿಸಿದರೆ ಆ ರಾತ್ರಿ ಅದರ ಬೆಲೆ ತೆರುವವರು ಅವನ ಮನೆಯವರು.

ಸೈಡ್‌ವಿಂಗ್

ಬಹಳ ಸಹಾಯವಾಯಿತು. 2005ರಲ್ಲೇ ಉಳಿಯುತ್ತೇವೆ. ಪ್ರದರ್ಶನ ಮುಗಿದ ಮೇಲೆ ಈಗಿನ ಸಹಾಯವಾಣಿ ನಂಬರುಗಳ ಕರಪತ್ರ ಹಂಚಬೇಕೆಂದಿದೆ, ಸಂವಾದವೂ ಇದೆ. ಅದರಲ್ಲಿ ಏನು ನೋಡಿಕೊಳ್ಳಬೇಕು?

ವಾರ್ಡಿನ ಕಿಟಕಿ

ಕರಪತ್ರ ಕೈಗೆ ಹಂಚಬೇಡಿ. ಅದನ್ನು ಮನೆಗೊಯ್ದ ಹೆಂಗಸಿನ ಬ್ಯಾಗಿನಲ್ಲಿ ಗಂಡನಿಗೆ ಸಿಕ್ಕಿದರೆ ಅದೇ ಜಗಳಕ್ಕೆ ಕಾರಣ. ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಅಲ್ಲಿ ಒಬ್ಬರೇ ಇರುತ್ತಾರೆ, ನಂಬರೂ ಚಿಕ್ಕದು, ಬಾಯಿಪಾಠ ಆಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ವ್ಯಸನಕ್ಕೆ 14446, ಮಾನಸಿಕ ಆರೋಗ್ಯಕ್ಕೆ ಟೆಲಿಮನಸ್ 14416. ಕೊನೆಯ ಎರಡು ನಂಬರುಗಳನ್ನು ಗಂಡಸರ ಕಡೆಯೂ ಅಂಟಿಸಿ. ಪ್ರದರ್ಶನದ ಬೆಳಿಗ್ಗೆ ಪ್ರತಿಯೊಂದಕ್ಕೂ ಒಮ್ಮೆ ಕರೆ ಮಾಡಿ ನೋಡಿ.

ಸಂವಾದದಲ್ಲಿ 'ನಿಮ್ಮ ಅನುಭವ ಹಂಚಿಕೊಳ್ಳಿ' ಎಂದು ಮೈಕ್ ಕೊಡಬೇಡಿ. ಊರಿನ ಎದುರು ಬಾಯಿಬಿಟ್ಟವಳು ಅದೇ ಮನೆಗೆ ವಾಪಸ್ ಹೋಗಬೇಕು. ಅಪ್ಪನ ಪಾತ್ರದ ಬಗ್ಗೆ, ನೆರೆಯವರ ಬಗ್ಗೆ ಪ್ರಶ್ನೆ ಇಡಿ. ಖಾಸಗಿಯಾಗಿ ಮಾತಾಡಬೇಕೆನ್ನುವವರಿಗೆ ಒಂದು ಕೋಣೆ, ಆಪ್ತಸಮಾಲೋಚನೆ ಗೊತ್ತಿರುವ ಒಬ್ಬರು ಹೆಂಗಸು. ಕೋಣೆಯ ಬಾಗಿಲಿಗೆ 'ಆಪ್ತಸಮಾಲೋಚನೆ' ಅಂತ ಬೋರ್ಡ್ ಹಾಕಬೇಡಿ, ನೀರು ಕುಡಿಯುವ ಜಾಗ ಅಲ್ಲೇ ಇರಲಿ.

ಹುಬ್ಬಳ್ಳಿ ಪ್ರಾಪರ್ಟಿ

ಖಾಲಿ ಪ್ಯಾಕೆಟ್ ಎಣಿಸಿ ಪೆಟ್ಟಿಗ್ಯಾಗ ವಾಪಸ್ ಹಾಕ್ರಿ. ಶಾಲಿ ಮೈದಾನ ಅಂದ್ರಿ, ಮರುದಿನ ಮುಂಜಾನೆ ಹುಡುಗ್ರು ಬರ್ತಾವು.